ಊಳು: ಮನೆಯೊಳಗೆ ಮುಚ್ಚಿಟ್ಟದ್ದನ್ನು ಬೀದಿಗೆ ತಂದ ಕವಿತೆ

ರಾತ್ರಿ ಹೊತ್ತು ಬೀದಿನಾಯಿ ಊಳಿಟ್ಟರೆ ನಮ್ಮ ಕಡೆ ಮನೆಯ ಹಿರಿಯರು ಎದ್ದು ಕೂರುತ್ತಾರೆ. ಯಾರಾದರೂ ಬಾಗಿಲು ತೆಗೆದು ಅದನ್ನು ಗದರಿಸಿ ಓಡಿಸಬೇಕು. ಆ ಸದ್ದು ಅಪಶಕುನ. ಅದನ್ನು ಪೂರ್ತಿ ಕೇಳಿಸಿಕೊಳ್ಳಲು ಯಾರೂ ತಯಾರಿಲ್ಲ. ಗೋಳು ಬೇರೆ, ಊಳು ಬೇರೆ. ಗೋಳಾಡುವವರ ಪಕ್ಕ ಹೋಗಿ ಕೂತು ಸಮಾಧಾನ ಹೇಳುತ್ತೇವೆ. ಊಳಿಡುವುದಕ್ಕೆ ಕಲ್ಲು ಹೊಡೆಯುತ್ತೇವೆ.

ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್ 1955ರಲ್ಲಿ ಬರೆಯಲು ಶುರು ಮಾಡಿದ ದೊಡ್ಡ ಕವಿತೆಯ ಹೆಸರು ‘ಹೌಲ್’. ಕನ್ನಡದಲ್ಲಿ ಊಳು ಅನ್ನಬಹುದು. ಆ ಪುಟ್ಟ ಪುಸ್ತಕವನ್ನು ಕಸ್ಟಮ್ಸ್‌ನವರು ಹಿಡಿದಿಟ್ಟರು. ಅದನ್ನು ಮಾರಿದವರನ್ನು ಪೊಲೀಸರು ಬಂಧಿಸಿದರು. ಕೊನೆಗೆ ಒಬ್ಬ ನ್ಯಾಯಾಧೀಶರು ಕೂತು ಅದನ್ನು ಓದಬೇಕಾಯಿತು. ಆಮೇಲೆ ಅದು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಕವಿತೆಯ ಪುಸ್ತಕ ಅಷ್ಟೊಂದು ಮಾರಾಟವಾಗುವುದು ಎಲ್ಲಿ ಬಂತು?

ಈ ಕವಿತೆಯನ್ನು ಎಲ್ಲರೂ ಬಂಡಾಯದ ಕವಿತೆ ಎನ್ನುತ್ತಾರೆ. ಕನ್ನಡಿಗರಿಗೆ ಆ ಮಾತು ಸ್ವಲ್ಪ ದಾರಿ ತಪ್ಪಿಸಬಹುದು. ಬಂಡಾಯ ಎಂದ ಕೂಡಲೇ ನಮಗೆ ಎಪ್ಪತ್ತರ ದಶಕದ ಹೋರಾಟದ ಹಾಡು, ಮೆರವಣಿಗೆ, ಸಂಘಟನೆ ನೆನಪಾಗುತ್ತವೆ. ಗಿನ್ಸ್‌ಬರ್ಗ್‌ನ ಕವಿತೆಯಲ್ಲಿ ಸಂಘಟನೆ ಇಲ್ಲ, ಬೇಡಿಕೆಗಳಿಲ್ಲ, ಮುಂದೇನು ಮಾಡಬೇಕು ಎಂಬ ಕರೆಯೂ ಇಲ್ಲ. ಮುರಿದುಹೋದವರ ಪಟ್ಟಿ ಇದೆ ಅಷ್ಟೇ. ಆದರೂ ಅದು ಅಷ್ಟೊಂದನ್ನು ಅಲುಗಿಸಿತು. ಮನೆಯೊಳಗೆ ಪಿಸುಗುಟ್ಟಲೂ ಹೆದರುತ್ತಿದ್ದ ಸಂಗತಿಗಳನ್ನು ತುಂಬಿದ ಸಭೆಯಲ್ಲಿ ದೊಡ್ಡ ದನಿಯಲ್ಲಿ ಹೇಳಿದ್ದು ಇದಕ್ಕೆ ಕಾರಣ ಎಂದು ನನಗೆ ಅನ್ನಿಸುತ್ತದೆ. ಈ ಕವಿತೆಯ ಕಥೆಯನ್ನು ಆ ದನಿಯ ಜಾಡು ಹಿಡಿದೇ ಹೇಳುತ್ತೇನೆ.

ಮೊದಲು ಆ ಕಾಲ. ಎರಡನೇ ಮಹಾಯುದ್ಧ ಗೆದ್ದು ಹತ್ತು ವರ್ಷವಾಗಿತ್ತು. ಜನರ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಊರಾಚೆ ಒಂದೇ ಥರದ ಮನೆಗಳು ಸಾಲುಸಾಲಾಗಿ ಏಳುತ್ತಿದ್ದವು. ಜೊತೆಗೆ ಹೆದರಿಕೆಯೂ ಜಾಸ್ತಿ ಇತ್ತು. ಹೈಡ್ರೋಜನ್ ಬಾಂಬು ಬಂದಿತ್ತು. ಸೆನೆಟರ್ ಜೋಸೆಫ್ ಮೆಕಾರ್ಥಿ ಎಲ್ಲ ಮೂಲೆಯಲ್ಲೂ ಕಮ್ಯುನಿಸ್ಟರನ್ನು ಹುಡುಕಿದ ದಿನಗಳು ಆಗಷ್ಟೇ ಮುಗಿದಿದ್ದವು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶ ಸಲಿಂಗಿಗಳಿಗೆ ಕೇಂದ್ರ ಸರ್ಕಾರದ ನೌಕರಿಯ ಬಾಗಿಲು ಮುಚ್ಚಿತ್ತು. ಸಲಿಂಗ ಸಂಬಂಧ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಅಪರಾಧ. ಮನೋವೈದ್ಯರ ಪಟ್ಟಿಯಲ್ಲಿ ಅದೊಂದು ಕಾಯಿಲೆ. 1973ರವರೆಗೂ ಹಾಗೇ ಇತ್ತು.

ಗಿನ್ಸ್‌ಬರ್ಗ್ ಸಲಿಂಗಿ. ಅವನ ತಾಯಿ ನವೋಮಿ ರಷ್ಯಾದಿಂದ ಬಂದ ಯಹೂದಿ ಹೆಂಗಸು, ಕಮ್ಯುನಿಸ್ಟ್ ಪಕ್ಷದಲ್ಲಿದ್ದಾಕೆ, ಮತ್ತು ಮಾನಸಿಕ ರೋಗಿ. ತಂದೆ ಲೂಯಿ ಸ್ಕೂಲು ಮೇಷ್ಟ್ರು, ತಾವೂ ಕವಿ. ಅಂದರೆ ಆ ದೇಶ ಏನೇನನ್ನು ಮುಚ್ಚಿಡು ಎನ್ನುತ್ತಿತ್ತೋ ಅದರಲ್ಲಿ ಹೆಚ್ಚಿನದು ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನ ಆ ಒಂದೇ ಮನೆಯಲ್ಲಿತ್ತು.

ತಾಯಿಯ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆ, ತನಗೆ ವಿಷ ಹಾಕುತ್ತಾರೆ ಎಂಬ ಭಯ ನವೋಮಿಯನ್ನು ಬಿಡಲೇ ಇಲ್ಲ. ವರ್ಷಗಟ್ಟಲೆ ಆಸ್ಪತ್ರೆಗಳಲ್ಲೇ ಕಳೆದರು. 1947ರಲ್ಲಿ ವೈದ್ಯರು ಲೊಬಾಟಮಿ ಮಾಡಬೇಕೆಂದರು. ಮೆದುಳಿನ ಮುಂಭಾಗದ ನರಗಳ ಎಳೆಗಳನ್ನು ಕತ್ತರಿಸಿಬಿಡುವ ಶಸ್ತ್ರಚಿಕಿತ್ಸೆ ಅದು. ಆಗಿನ ಕಾಲಕ್ಕೆ ಅದೇ ಹೊಸ ವಿಜ್ಞಾನ. ಎರಡು ವರ್ಷದ ನಂತರ ಅದನ್ನು ಕಂಡುಹಿಡಿದ ವೈದ್ಯರಿಗೆ ನೊಬೆಲ್ ಬಹುಮಾನವೂ ಬಂತು. ನವೋಮಿಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ಮಗ ಅಲೆನ್. ಆಗ ಅವನಿಗೆ 21 ವರ್ಷ.

ಈ ಒಂದು ಸಹಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಆ ಕವಿತೆಯನ್ನು ಓದಬಾರದು. ನಮ್ಮಲ್ಲೂ ಮನೆಯವರೊಬ್ಬರು ಮನೋವೈದ್ಯರ ಹತ್ತಿರ ಹೋಗುತ್ತಿದ್ದರೆ ನೆಂಟರಿಷ್ಟರಿಗೆ ‘ಸ್ವಲ್ಪ ನಿಶ್ಶಕ್ತಿ’ ಎಂದು ಹೇಳಿ ಮಾತು ತಿರುಗಿಸುತ್ತೇವೆ, ಅಲ್ವಾ? ಮಗಳ ಮದುವೆ ನಿಂತುಹೋಗುತ್ತದೆ ಎಂಬ ಭಯ. ಎಪ್ಪತ್ತು ವರ್ಷದ ಹಿಂದೆ ಅಲ್ಲಿಯೂ ಹೀಗೇ ಇತ್ತು.

ಸಹಿ ಹಾಕಿದ ಎರಡು ವರ್ಷಕ್ಕೆ ಅಲೆನ್ ತಾನೇ ಅಂಥ ಆಸ್ಪತ್ರೆ ಸೇರಿದ. ಅವನ ಕೆಲವು ಗೆಳೆಯರು ಕಳ್ಳಮಾಲು ಸಾಗಿಸುತ್ತಿದ್ದ ಕಾರಿನಲ್ಲಿ ಅವನೂ ಇದ್ದು ಸಿಕ್ಕಿಬಿದ್ದಿದ್ದ. ಜೈಲಿನ ಬದಲು ನ್ಯೂಯಾರ್ಕಿನ ಮಾನಸಿಕ ಆಸ್ಪತ್ರೆ ಎಂದಾಯಿತು. ಅಲ್ಲಿ ಕಾರ್ಲ್ ಸಾಲೊಮನ್ ಎಂಬ ಗೆಳೆಯ ಸಿಕ್ಕಿದ. ಆರು ವರ್ಷದ ನಂತರ ಕವಿತೆಯನ್ನು ಅವನಿಗೇ ಅರ್ಪಿಸಿದ. ಬಹಳ ಕಾಲದ ಮೇಲೆ, ಸಾಲೊಮನ್ ಹೆಸರಿನ ಹಿಂದೆ ತನ್ನ ತಾಯಿಯ ಮೇಲಿನ ಭಾವನೆಗಳೇ ನಿಂತಿದ್ದವು ಎಂದು ಗಿನ್ಸ್‌ಬರ್ಗ್ ಒಪ್ಪಿಕೊಂಡ.

ಕವಿತೆ ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಲ್ಲಿ ಅವನು ಮಾರುಕಟ್ಟೆ ಸಮೀಕ್ಷೆ ಮಾಡುವ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ. ಟೈ ಕಟ್ಟಿಕೊಂಡು ಆಫೀಸಿಗೆ ಹೋಗುವ ಬದುಕು. ಅದನ್ನು ಬಿಟ್ಟು 1955ರ ಆಗಸ್ಟ್‌ನಲ್ಲಿ ಬಾಡಿಗೆ ಕೋಣೆಯಲ್ಲಿ ಟೈಪ್‌ರೈಟರ್ ಮುಂದೆ ಕೂತ. ಅಚ್ಚು ಹಾಕಿಸುವ ಯೋಚನೆ ಇರಲಿಲ್ಲ. ತಂದೆಯ ಕಣ್ಣಿಗೆ ಬೀಳುತ್ತದೆ ಎಂಬ ಅಳುಕಿನಿಂದ ಬಿಡುಗಡೆ ಸಿಕ್ಕಿದ್ದೇ ಅದರಿಂದ. ಯಾರೂ ಓದುವುದಿಲ್ಲ ಎಂದುಕೊಂಡೇ ಎಲ್ಲವನ್ನೂ ಬರೆದ.

ಈಗ ಕವಿತೆಯ ಒಳಗೆ ಹೋಗೋಣ. ಅದಕ್ಕೆ ಮೂರು ಭಾಗ, ಕೊನೆಗೊಂದು ಅಡಿಟಿಪ್ಪಣಿ. ಮೊದಲ ಭಾಗ ಪುಟಗಟ್ಟಲೆ ಓಡುವ ಒಂದೇ ವಾಕ್ಯ. ತನ್ನ ತಲೆಮಾರಿನ ಒಳ್ಳೊಳ್ಳೆ ಬುದ್ಧಿವಂತರು ಹುಚ್ಚಿನಲ್ಲಿ ಹಾಳಾಗಿದ್ದನ್ನು ಕಣ್ಣಾರೆ ಕಂಡೆ ಎಂದು ಶುರುವಾಗುತ್ತದೆ. ಆಮೇಲೆ ಅವರು ಯಾರು ಯಾರು ಎಂದು ಸಾಲು ಸಾಲಾಗಿ ಹೇಳುತ್ತಾ ಹೋಗುತ್ತದೆ. ಹಸಿದವರು, ರಾತ್ರಿಯಿಡೀ ಅಲೆದವರು, ಯೂನಿವರ್ಸಿಟಿಯಿಂದ ಹೊರಬಿದ್ದವರು, ಮಾದಕವಸ್ತುವಿಗೆ ಬಿದ್ದವರು, ಗಂಡಸರನ್ನು ಪ್ರೀತಿಸಿದ ಗಂಡಸರು, ಸೇತುವೆಯಿಂದ ಹಾರಿದವರು, ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಿಕೊಂಡವರು. ಇವರಲ್ಲಿ ಬಹಳ ಜನ ಅವನ ನಿಜವಾದ ಗೆಳೆಯರು. ಅವರ ಬದುಕಿನ ನಿಜವಾದ ಘಟನೆಗಳು.

ಇಂಗ್ಲಿಷಿನಲ್ಲಿ ಆ ಸಾಲುಗಳಲ್ಲಿ ಹೆಚ್ಚಿನವು ‘ಹೂ’ (who, ಅಂದರೆ ಯಾರು) ಎಂಬ ಒಂದೇ ಪುಟ್ಟ ಪದದಿಂದ ಶುರುವಾಗುತ್ತವೆ. ಗೋಡೆಗೆ ಹೊಡೆದ ಮೊಳೆಯ ಹಾಗೆ ಆ ಪದ. ಪ್ರತಿ ಸಲ ಅದಕ್ಕೇ ಮರಳಿ, ಅಲ್ಲಿಂದ ಮತ್ತೊಂದು ಉದ್ದ ಸಾಲು ನೇತುಬೀಳುತ್ತದೆ. ಕನ್ನಡಕ್ಕೆ ತರುವಾಗ ಇಲ್ಲೇ ತೊಡಕು. ನಮ್ಮ ಭಾಷೆ ‘ಯಾರು ಅಲೆದರೋ ಅವರು’ ಎಂದು ಹೇಳಬಲ್ಲದು, ಆದರೆ ನೂರು ಸಲ ಹಾಗೆ ಹೇಳಿದರೆ ಕೃತಕವಾಗುತ್ತದೆ. ಸಹಜವಾಗಿ ಬರುವುದು ‘ಅಲೆದವರು’, ‘ಬಿದ್ದವರು’, ‘ಹಾರಿದವರು’. ಆಗ ಬಡಿತ ಸಾಲಿನ ತಲೆಯಿಂದ ಬಾಲಕ್ಕೆ ಹೋಗುತ್ತದೆ. ಮೊಳೆ ಮೊದಲು ಹೊಡೆದು ಆಮೇಲೆ ನೇತುಹಾಕುವುದಕ್ಕೂ, ಎಲ್ಲ ಹೇಳಿ ಕೊನೆಗೆ ‘ದವರು’ ಎಂದು ಮುಚ್ಚುವುದಕ್ಕೂ ವ್ಯತ್ಯಾಸವಿದೆ. ಇಂಗ್ಲಿಷಿನ ಸಾಲು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾಗದೆ ಮುಂದಕ್ಕೆ ಬೀಳುತ್ತಿರುತ್ತದೆ. ಕನ್ನಡದ್ದು ಪ್ರತಿ ಸಲ ನೆಲಕ್ಕೆ ಕಾಲೂರುತ್ತದೆ. ಅನುವಾದ ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಅದು ಊಳಿಗಿಂತ ಹೆಚ್ಚಾಗಿ ಶೋಕದ ಹಾಡಿನಂತೆ ಕೇಳಿಸೀತು. ಅದೂ ಕೇಳಬೇಕಾದದ್ದೇ.

ಸಾಲು ಎಷ್ಟುದ್ದ ಇರಬೇಕು ಎಂಬುದಕ್ಕೆ ಗಿನ್ಸ್‌ಬರ್ಗ್ ಇಟ್ಟುಕೊಂಡ ಅಳತೆ ಉಸಿರು. ಒಂದು ಉಸಿರಿಗೆ ಒಂದು ಸಾಲು. ಮಾತ್ರೆ, ಗಣ ಏನೂ ಇಲ್ಲ. ಇದನ್ನು ಅವನೇನೂ ಗಾಳಿಯಲ್ಲಿ ಹುಟ್ಟಿಸಲಿಲ್ಲ. ನೂರು ವರ್ಷ ಹಿಂದಿನ ವಾಲ್ಟ್ ವಿಟ್‌ಮನ್‌ನ ಉದ್ದ ಸಾಲುಗಳು, ಹೀಬ್ರೂ ಬೈಬಲ್ಲಿನ ಪ್ರವಾದಿಗಳ ಧಾಟಿ, ಜಾಝ್ ಸ್ಯಾಕ್ಸೊಫೋನ್ ಊದುವವರ ದಮ್ಮು, ಈ ಮೂರೂ ಅದರಲ್ಲಿವೆ. ಪುಟದ ಮೇಲೆ ಕಣ್ಣಾಡಿಸಿದರೆ ಸುಮ್ನೆ ಗದ್ಯ ಕತ್ತರಿಸಿ ಇಟ್ಟ ಹಾಗೆ ಕಾಣುತ್ತದೆ. ನಾನು ಮೊದಲ ಸಲ ಓದಿದಾಗ ಅರ್ಧಕ್ಕೇ ಬಿಟ್ಟಿದ್ದೆ. ಅವನೇ ಓದಿದ ಧ್ವನಿಮುದ್ರಣ ಕೇಳಿದ ಮೇಲೆ ಅದು ಯಾಕೆ ಹಾಗಿದೆ ಎಂದು ತಿಳಿಯಿತು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಉಸಿರು ಖಾಲಿಯಾಗುತ್ತದೆ, ದನಿ ಏರುತ್ತದೆ. ಓದುವವನ ಎದೆಯೇ ಅಲ್ಲಿ ತಾಳ.

ಎರಡನೇ ಭಾಗದಲ್ಲಿ ಪ್ರಶ್ನೆ ಬರುತ್ತದೆ: ಇವರನ್ನೆಲ್ಲ ತಿಂದದ್ದು ಯಾವುದು? ಅದಕ್ಕೆ ಅವನು ಕೊಡುವ ಹೆಸರು ಮೊಲೊಕ್. ಬೈಬಲ್ಲಿನಲ್ಲಿ ಬರುವ, ಮಕ್ಕಳನ್ನು ಬಲಿ ಕೇಳುವ ದೇವತೆ. ನಮಗೆ ಹತ್ತಿರದವನು ಬಕಾಸುರ. ಏಕಚಕ್ರ ನಗರದ ಜನ ಸರದಿಯ ಮೇಲೆ ಬಂಡಿ ಅನ್ನ, ಎರಡು ಕೋಣ, ಮನೆಯ ಒಬ್ಬ ಮನುಷ್ಯನನ್ನು ಕಳಿಸಿಕೊಟ್ಟು ನೆಮ್ಮದಿಯಾಗಿದ್ದರಲ್ಲ, ಹಾಗೆ ಅಮೆರಿಕವೂ ತನ್ನ ಮಕ್ಕಳನ್ನು ಒಪ್ಪಿಸಿ ನೆಮ್ಮದಿಯಾಗಿದೆ ಎಂಬುದು ಕವಿತೆಯ ಆರೋಪ. ಬ್ಯಾಂಕು, ಕಾರ್ಖಾನೆ, ಬಾಂಬು, ಜೈಲು, ಎತ್ತರದ ಕಟ್ಟಡಗಳ ಸಾವಿರ ಕಿಟಕಿ, ಎಲ್ಲವೂ ಮೊಲೊಕ್. ರಾತ್ರಿ ಹೊತ್ತು ಕಂಡ ಒಂದು ದೊಡ್ಡ ಹೋಟೆಲ್ ಕಟ್ಟಡ ಅವನಿಗೆ ರಾಕ್ಷಸನ ಮುಖದ ಹಾಗೆ ತೋರಿದ್ದೇ ಈ ಭಾಗಕ್ಕೆ ಮೂಲ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಬಕಾಸುರ ಊರ ಹೊರಗಿದ್ದ, ಭೀಮ ಹೋಗಿ ಕೊಂದು ಬಂದ. ಮೊಲೊಕ್ ಮನಸ್ಸಿನ ಒಳಗೂ ಕೂತಿದ್ದಾನೆ ಎನ್ನುತ್ತಾನೆ ಗಿನ್ಸ್‌ಬರ್ಗ್.

ಮೂರನೇ ಭಾಗ ಸಾಲೊಮನ್‌ಗೆ ನೇರವಾಗಿ ಆಡುವ ಮಾತು. ರಾಕ್‌ಲ್ಯಾಂಡ್ ಎಂಬ ಆಸ್ಪತ್ರೆಯಲ್ಲಿ ನಾನು ನಿನ್ನ ಜೊತೆಗಿದ್ದೇನೆ ಎಂಬ ಸಾಲು ಭಜನೆಯ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ. ನನಗೆ ಈ ಭಾಗವೇ ಹೆಚ್ಚು ಇಷ್ಟ. ಸಿಟ್ಟು ಕಳೆದು ಇಲ್ಲಿ ಪ್ರೀತಿ ಉಳಿದಿದೆ. ಊಳಿಟ್ಟದ್ದರ ಹತ್ತಿರ ಯಾರೋ ಒಬ್ಬರು ಕೊನೆಗೂ ಹೋಗಿ ಕೂತ ಹಾಗೆ. ಅಡಿಟಿಪ್ಪಣಿಯಲ್ಲಿ ಎಲ್ಲವೂ ಪವಿತ್ರ ಎಂಬ ಮಂತ್ರ. ಹುಚ್ಚನೂ ಪವಿತ್ರ, ದೇಹದ ಅಂಗಾಂಗವೂ ಪವಿತ್ರ.

ಇದನ್ನು ಅವನು ಮೊದಲು ಜನರೆದುರು ಓದಿದ್ದು 1955ರ ಅಕ್ಟೋಬರ್ 7ರ ರಾತ್ರಿ. ಜಾಗ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್‌ಮೋರ್ ಬೀದಿಯ ಸಿಕ್ಸ್ ಗ್ಯಾಲರಿ. ಮೊದಲು ಕಾರು ರಿಪೇರಿಯ ಗ್ಯಾರೇಜ್ ಆಗಿದ್ದ ಜಾಗ ಅದು. ಸುಮಾರು 150 ಜನ ಸೇರಿದ್ದರು. ಹಿರಿಯ ಕವಿ ಕೆನೆತ್ ರೆಕ್ಸ್‌ರಾತ್ ನಿರೂಪಣೆ ಮಾಡಿದರು. ಐದು ಜನ ಓದಿದರು: ಫಿಲಿಪ್ ಲಮಾಂಟಿಯಾ, ಮೈಕಲ್ ಮೆಕ್ಲೂರ್, ಫಿಲಿಪ್ ವೇಲನ್, ಗಿನ್ಸ್‌ಬರ್ಗ್, ಗ್ಯಾರಿ ಸ್ನೈಡರ್. ಗೆಳೆಯ ಜ್ಯಾಕ್ ಕೆರೊವ್ಯಾಕ್ ಚಂದಾ ಎತ್ತಿ ವೈನ್ ತಂದು ಹಂಚಿದ, ಸಾಲು ಸಾಲಿಗೆ ‘ನಡಿ, ನಡಿ’ ಎಂದು ಕೂಗಿ ಹುರಿದುಂಬಿಸಿದ. ಆ ರಾತ್ರಿ ಓದಿದ್ದು ಮೊದಲ ಭಾಗ ಮಾತ್ರ. ಓದು ಮುಗಿಯುವಾಗ ಗಿನ್ಸ್‌ಬರ್ಗ್ ಅಳುತ್ತಿದ್ದ. ರೆಕ್ಸ್‌ರಾತ್ ಕಣ್ಣಲ್ಲೂ ನೀರಿತ್ತು.

ಕಾವ್ಯವನ್ನು ಗಟ್ಟಿಯಾಗಿ ಓದುವುದು ನಮಗೆ ಹೊಸದಲ್ಲ. ಗಮಕಿಗಳು ಕುಮಾರವ್ಯಾಸನನ್ನು ಊರ ಜಗಲಿಯಲ್ಲೇ ಉಳಿಸಿಕೊಂಡು ಬಂದರು. ಐವತ್ತರ ದಶಕದ ಅಮೆರಿಕದಲ್ಲಿ ಮಾತ್ರ ಕವಿತೆ ಹೆಚ್ಚಾಗಿ ಕಾಲೇಜಿನ ಕ್ಲಾಸಿನಲ್ಲಿತ್ತು. ಬಿಗಿಯಾದ, ಜಾಣ, ಮೌನವಾಗಿ ಓದುವ ಕವಿತೆ. ಗ್ಯಾರೇಜಿನ ಆ ರಾತ್ರಿ ಅದನ್ನು ಮತ್ತೆ ಬಾಯಿಗೆ, ಕಿವಿಗೆ ತಂದಿತು.

ಸಭೆಯಲ್ಲಿ ಲಾರೆನ್ಸ್ ಫರ್ಲಿಂಗೆಟ್ಟಿ ಇದ್ದರು. ಕವಿ, ಸಿಟಿ ಲೈಟ್ಸ್ ಪುಸ್ತಕದಂಗಡಿಯ ಒಡೆಯರು. ಹಿಂದೆ ಚಿಂತಕ ಎಮರ್ಸನ್ ವಿಟ್‌ಮನ್‌ಗೆ ಬರೆದ ಮಾತನ್ನೇ ನೆನಪಿಸಿ, ದೊಡ್ಡ ಬದುಕಿನ ಆರಂಭಕ್ಕೆ ಶುಭಾಶಯ ಕೋರಿ, ಹಸ್ತಪ್ರತಿ ಯಾವಾಗ ಕೊಡುತ್ತೀಯ ಎಂದು ತಂತಿ ಕಳಿಸಿದರು. ಮೊಕದ್ದಮೆ ಬರಬಹುದೆಂದು ಅವರಿಗೆ ಮೊದಲೇ ಅನ್ನಿಸಿತ್ತು. ಅಚ್ಚಿಗೆ ಕೊಡುವ ಮುಂಚೆಯೇ ನಾಗರಿಕ ಹಕ್ಕುಗಳ ಸಂಘ ಎಸಿಎಲ್‌ಯುಗೆ ತೋರಿಸಿ, ಕೇಸಾದರೆ ವಾದಿಸುತ್ತೇವೆ ಎಂಬ ಮಾತು ಪಡೆದಿದ್ದರು. 1956ರ ಕೊನೆಗೆ ಪುಸ್ತಕ ಬಂತು. ಜೇಬಿನಲ್ಲಿ ಹಿಡಿಸುವ ಗಾತ್ರ, ಬೆಲೆ 75 ಸೆಂಟ್. ಅಚ್ಚಾದದ್ದು ಇಂಗ್ಲೆಂಡಿನಲ್ಲಿ.

ಅದರಿಂದಲೇ ಕಸ್ಟಮ್ಸ್ ಕೈಗೆ ಸಿಕ್ಕಿತು. 1957ರ ಮಾರ್ಚ್‌ನಲ್ಲಿ ಎರಡನೇ ಮುದ್ರಣದ 520 ಪ್ರತಿಗಳನ್ನು ಅಶ್ಲೀಲವೆಂದು ತಡೆದರು. ಫರ್ಲಿಂಗೆಟ್ಟಿ ಅಮೆರಿಕದಲ್ಲೇ ಇನ್ನೊಂದು ಮುದ್ರಣ ಮಾಡಿಸಿದರು. ಕೇಂದ್ರ ಸರ್ಕಾರದ ವಕೀಲರು ಕೇಸು ಹಾಕಲು ಒಪ್ಪದೆ ಪ್ರತಿಗಳನ್ನು ಬಿಟ್ಟರು. ಆಗ ನಗರದ ಪೊಲೀಸರು ಮುಂದೆ ಬಂದರು. ಮಫ್ತಿಯಲ್ಲಿ ಸಿಟಿ ಲೈಟ್ಸ್‌ಗೆ ಹೋಗಿ ಪುಸ್ತಕ ಕೊಂಡರು. ಮಾರಿದವರನ್ನು ಬಂಧಿಸಿದರು.

ಮಾರಿದವರ ಹೆಸರು ಶಿಗೆಯೋಶಿ ಮುರಾವೊ. ಈ ಕಥೆಯಲ್ಲಿ ಎಲ್ಲರೂ ಮರೆಯುವ ಹೆಸರು. ಅಂಗಡಿಯ ಮ್ಯಾನೇಜರ್ ಅವರು, ಜಪಾನಿ ಮೂಲದ ಅಮೆರಿಕನ್. ಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದ ತನ್ನದೇ ಪ್ರಜೆಗಳನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ತುಂಬಿತ್ತು. ಹದಿಹರೆಯದ ಮುರಾವೊ ಮತ್ತು ಅವರ ಕುಟುಂಬ ಐಡಹೊ ರಾಜ್ಯದ ಮಿನಿಡೋಕಾ ಶಿಬಿರದಲ್ಲಿದ್ದರು. ಆಮೇಲೆ ಅದೇ ದೇಶದ ಸೈನ್ಯದಲ್ಲಿ ಕೆಲಸ ಮಾಡಿದರು. ಈಗ ಗಿರಾಕಿಗೆ 75 ಸೆಂಟಿನ ಪುಸ್ತಕ ಕೊಟ್ಟದ್ದಕ್ಕೆ ಲಾಕಪ್ಪು. ಕವಿ ಆ ಹೊತ್ತಿಗೆ ದೇಶದ ಹೊರಗಿದ್ದ. ಪ್ರಕಾಶಕರು ಆಮೇಲೆ ಬಂದು ಶರಣಾದರು. ಮೊದಲು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವರು ಅಂಗಡಿಯಲ್ಲಿ ಕೂತವರು.

ವಿಚಾರಣೆ ನಗರದ ಪುಟ್ಟ ಕೋರ್ಟಿನಲ್ಲಿ ನಡೆಯಿತು. ಪ್ರತಿವಾದಿಗಳ ಪರ ಒಂಬತ್ತು ಸಾಹಿತ್ಯ ತಜ್ಞರು ಸಾಕ್ಷಿ ಹೇಳಿದರು. ಸರ್ಕಾರಿ ವಕೀಲರು ಒಂದೊಂದೇ ಸಾಲು ಎತ್ತಿ ಇದರ ಅರ್ಥವೇನು, ಸರಳವಾಗಿ ಹೇಳಿ ಎಂದು ಕೇಳುತ್ತಿದ್ದರು. ಪ್ರೊಫೆಸರ್ ಮಾರ್ಕ್ ಶೋರರ್ ಅದಕ್ಕೆ, ಕವಿತೆಯನ್ನು ಗದ್ಯಕ್ಕೆ ತರಲು ಆಗುವುದಿಲ್ಲ, ಅದು ಕವಿತೆಯಾಗಿರುವುದೇ ಅದಕ್ಕಾಗಿ ಎಂದು ಉತ್ತರಿಸಿದರು. ಕಾವ್ಯದ ಬಗ್ಗೆ ಕೋರ್ಟಿನ ಕಟಕಟೆಯಿಂದ ಬಂದ ಅತ್ಯುತ್ತಮ ಮಾತು ಇದು ಎಂದು ನನ್ನ ನಂಬಿಕೆ.

ನ್ಯಾಯಾಧೀಶ ಕ್ಲೇಟನ್ ಹಾರ್ನ್ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಅವರು ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುವ ಸಂಪ್ರದಾಯಸ್ಥರು. ಅಂಗಡಿಯಲ್ಲಿ ಕದ್ದ ಐವರು ಹೆಂಗಸರಿಗೆ ಧಾರ್ಮಿಕ ಸಿನಿಮಾ ನೋಡಿ ಪ್ರಬಂಧ ಬರೆಯುವ ಶಿಕ್ಷೆ ಕೊಟ್ಟು ಸುದ್ದಿಯಾಗಿದ್ದವರು. ಆದರೆ ಅವರು ಮನಸ್ಸಿಟ್ಟು ಓದಿದರು. 1957ರ ಅಕ್ಟೋಬರ್ 3ರಂದು ತೀರ್ಪು ಬಂತು: ಪುಸ್ತಕ ಅಶ್ಲೀಲವಲ್ಲ. ಸಮಾಜಕ್ಕೆ ಎಳ್ಳಷ್ಟಾದರೂ ಬೆಲೆಯುಳ್ಳ ಕೃತಿಯನ್ನು ಅಶ್ಲೀಲ ಎನ್ನಲಾಗದು. ಬರಹಗಾರ ತನ್ನ ಮಾತನ್ನೆಲ್ಲ ಸಪ್ಪೆ ಸಭ್ಯ ಪದಗಳಿಗೆ ಇಳಿಸಬೇಕಾದರೆ ವಾಕ್ ಸ್ವಾತಂತ್ರ್ಯ ಎಲ್ಲಿ ಉಳಿಯಿತು ಎಂದು ಅವರು ಕೇಳಿದರು. ಮುರಾವೊ ಮೇಲಿನ ಆರೋಪ ಅದಕ್ಕೂ ಮೊದಲೇ ಬಿದ್ದುಹೋಗಿತ್ತು. ಪುಸ್ತಕದೊಳಗೆ ಏನಿದೆ ಎಂದು ತಿಳಿದೇ ಅವರು ಮಾರಿದರು ಎಂಬುದಕ್ಕೆ ಪುರಾವೆ ಇರಲಿಲ್ಲ.

ಈ ತೀರ್ಪಿನ ಹಿಂದಿನ ಕಾನೂನನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1868ರಲ್ಲಿ ಇಂಗ್ಲೆಂಡಿನಲ್ಲಿ ಹಿಕ್ಲಿನ್ ಎಂಬ ಕೇಸಿನಿಂದ ಒಂದು ಅಳತೆಗೋಲು ಹುಟ್ಟಿತು. ಪುಸ್ತಕದ ಯಾವುದೋ ಒಂದು ಭಾಗ, ಸುಲಭವಾಗಿ ಕೆಡಬಹುದಾದ ಯಾರೋ ಒಬ್ಬರನ್ನು ಕೆಡಿಸುವಂತಿದ್ದರೆ ಸಾಕು, ಪುಸ್ತಕ ಅಶ್ಲೀಲ. ಅನ್ನದ ತಪ್ಪಲೆಯಲ್ಲಿ ಒಂದು ಅಗುಳು ಹಿಚುಕಿ ನೋಡುವ ರೀತಿ. 1957ರ ಜೂನ್‌ನಲ್ಲಿ, ಈ ವಿಚಾರಣೆಗೆ ಕೆಲವೇ ವಾರ ಮೊದಲು, ಅಮೆರಿಕದ ಸುಪ್ರೀಂ ಕೋರ್ಟ್ ರಾತ್ ಎಂಬ ಕೇಸಿನಲ್ಲಿ ಬೇರೆ ಅಳತೆ ಕೊಟ್ಟಿತು. ಕೃತಿಯನ್ನು ಇಡಿಯಾಗಿ ನೋಡಬೇಕು. ಸಾಮಾನ್ಯ ಓದುಗನನ್ನು, ಇವತ್ತಿನ ಸಮಾಜವನ್ನು ಲೆಕ್ಕಕ್ಕೆ ಹಿಡಿಯಬೇಕು. ಹಾರ್ನ್ ಅದನ್ನು ಒಂದು ನಿಜವಾದ ಕವಿತೆಗೆ ಅನ್ವಯಿಸಿ ತೋರಿಸಿದರು. ಕೆಳ ಕೋರ್ಟಿನ ತೀರ್ಪಾದ್ದರಿಂದ ಬೇರೆ ಕೋರ್ಟುಗಳು ಅದನ್ನು ಪಾಲಿಸಲೇಬೇಕೆಂದಿರಲಿಲ್ಲ. ಆದರೆ ಪ್ರಕಾಶಕರಿಗೆ ಧೈರ್ಯ ಬಂತು. ನಿಷೇಧದಲ್ಲಿದ್ದ ಕಾದಂಬರಿಗಳು ಮುಂದಿನ ಹತ್ತು ವರ್ಷದಲ್ಲಿ ಒಂದೊಂದಾಗಿ ಕೋರ್ಟಿನಲ್ಲಿ ಗೆದ್ದು ಹೊರಬಂದವು.

ನಮ್ಮ ದೇಶದ ಕಥೆ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಅಶ್ಲೀಲ ಪುಸ್ತಕ ಮಾರುವುದು ಅಪರಾಧ ಎನ್ನುವ, ಬ್ರಿಟಿಷರು ಬಿಟ್ಟುಹೋದ ದಂಡಸಂಹಿತೆಯ 292ನೇ ಕಲಂ ಇತ್ತು. ಮುಂಬೈಯ ಪುಸ್ತಕದಂಗಡಿಯ ಪಾಲುದಾರ ರಂಜಿತ್ ಉದೇಶಿ ಡಿ.ಎಚ್. ಲಾರೆನ್ಸ್‌ನ ‘ಲೇಡಿ ಚಾಟರ್ಲೀಸ್ ಲವರ್’ ಇಟ್ಟುಕೊಂಡು ಮಾರಿದ್ದಕ್ಕೆ ಶಿಕ್ಷೆಗೆ ಒಳಗಾದರು. 1964ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹಿಕ್ಲಿನ್ ಅಳತೆಯನ್ನೇ ಹಿಡಿದು ಶಿಕ್ಷೆಯನ್ನು ಎತ್ತಿಹಿಡಿಯಿತು. ಪುಸ್ತಕದ ಒಳಗೆ ಏನಿದೆ ಎಂದು ಅಂಗಡಿಯವನಿಗೆ ಗೊತ್ತಿತ್ತೆಂದು ಸರ್ಕಾರ ಸಾಬೀತು ಮಾಡಬೇಕಿಲ್ಲ ಎಂದೂ ಹೇಳಿತು. ಮುರಾವೊ ಯಾವ ಬಾಗಿಲಿನಿಂದ ಹೊರಬಂದರೋ ಆ ಬಾಗಿಲು ಉದೇಶಿಯವರಿಗೆ ಇರಲಿಲ್ಲ. ಅವೀಕ್ ಸರ್ಕಾರ್ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹಿಕ್ಲಿನ್ ಅಳತೆಯನ್ನು ಕೈಬಿಟ್ಟಾಗ 2014 ಬಂದಿತ್ತು.

ಗಿನ್ಸ್‌ಬರ್ಗ್ 1962ರಲ್ಲಿ ಭಾರತಕ್ಕೆ ಬಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದ. ಕೋಲ್ಕತ್ತದಲ್ಲಿ, ಕಾಶಿಯಲ್ಲಿ, ಸ್ಮಶಾನ ಘಾಟುಗಳಲ್ಲಿ ರಾತ್ರಿಗಟ್ಟಲೆ ಕೂತ. ಸುನೀಲ್ ಗಂಗೋಪಾಧ್ಯಾಯ, ಶಕ್ತಿ ಚಟ್ಟೋಪಾಧ್ಯಾಯ ಮುಂತಾದ ಬಂಗಾಳಿ ಕವಿಗಳು ಗೆಳೆಯರಾದರು. ಬಂಗಾಳದ ‘ಹಸಿದ ಪೀಳಿಗೆ’ಯ ಕವಿಗಳು ಇವನನ್ನು ನೋಡಿ ಬಂಡೆದ್ದರು ಎಂದು ಕೆಲವರು ಬರೆಯುತ್ತಾರೆ. ಅದು ತಪ್ಪು. ಮಲಯ್ ರಾಯ್ ಚೌಧುರಿ ಮತ್ತು ಗೆಳೆಯರು ಪಟ್ನಾದಿಂದ ತಮ್ಮ ಮೊದಲ ಕರಪತ್ರ ಹೊರಡಿಸಿದ್ದು 1961ರ ನವೆಂಬರ್‌ನಲ್ಲಿ, ಇವನು ಬರುವ ಮೊದಲೇ. ಅವರ ಸಿಟ್ಟಿಗೆ ಅವರದೇ ಕಾರಣಗಳಿದ್ದವು, ದೇಶ ವಿಭಜನೆಯ ಗಾಯವೂ ಅದರಲ್ಲೊಂದು.

ಆದರೆ ಕೋರ್ಟಿನ ಕಥೆ ಮಾತ್ರ ಎರಡೂ ಕಡೆ ಒಂದೇ ಥರ. ಮಲಯ್ ಅವರನ್ನು 1964ರಲ್ಲಿ ಒಂದು ಕವಿತೆಗಾಗಿ ಬಂಧಿಸಿದರು. ಕೈಕೋಳ ತೊಡಿಸಿ ಪಟ್ನಾದ ಬೀದಿಯಲ್ಲಿ ನಡೆಸಿದರು. ಗಿನ್ಸ್‌ಬರ್ಗ್ ಅಮೆರಿಕದಿಂದ ಅವರ ಪರವಾಗಿ ಪತ್ರಗಳನ್ನು ಬರೆದ. ಕೋರ್ಟಿನಲ್ಲಿ ಸುನೀಲ್ ಕವಿಯ ಪರ ಸಾಕ್ಷಿ ಹೇಳಿದರು. ಒಂದು ಕಾಲಕ್ಕೆ ಜೊತೆಗಿದ್ದ ಶಕ್ತಿ ವಿರುದ್ಧ ಸಾಕ್ಷಿ ಹೇಳಿದರು. 1965ರ ಕೊನೆಗೆ ಕೆಳ ಕೋರ್ಟ್ 200 ರೂಪಾಯಿ ದಂಡ ಹಾಕಿತು. 1967ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾಗದದ ಮೇಲೆ ಗೆಲುವೇ. ಆದರೆ ಅಷ್ಟರಲ್ಲಿ ಗುಂಪು ಒಡೆದುಹೋಗಿತ್ತು.

ಅಮೆರಿಕದಲ್ಲಿ ಈ ಕವಿತೆ ತೆರೆದ ದಾರಿಗಳು ಹಲವು. ರಾಬರ್ಟ್ ಲೊವೆಲ್‌ನಂಥ ಬಿಗಿ ಛಂದಸ್ಸಿನ ದೊಡ್ಡ ಕವಿಯೂ ಪಶ್ಚಿಮ ತೀರದಲ್ಲಿ ಜನರೆದುರು ಓದಿ ಬಂದ ಮೇಲೆ ತನ್ನ ಪದ್ಯಗಳು ಭಾರದ ಕವಚ ಹೊತ್ತ ಹಾಗಿವೆ ಎಂದು ಕಂಡುಕೊಂಡ, ತನ್ನ ಮನೆಯ, ತನ್ನ ಕಾಯಿಲೆಯ ಬಗ್ಗೆ ಬಿಚ್ಚಿ ಬರೆದ. ಬಾಬ್ ಡಿಲನ್‌ಗೂ ಗಿನ್ಸ್‌ಬರ್ಗ್‌ಗೂ ಗೆಳೆತನವಾಯಿತು. ಹಾಡಿನ ಸಾಲು ಕವಿತೆಯಷ್ಟು ಉದ್ದ, ಕವಿತೆಯಷ್ಟು ವಿಚಿತ್ರ ಇರಬಹುದು ಎಂಬ ಧೈರ್ಯ ಅಲ್ಲಿಂದ ಬಂತು. 1965ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಕವಿತೆ ಕೇಳಲು ಸುಮಾರು 7,000 ಜನ ಸೇರಿದರು. ಗ್ಯಾರೇಜಿನ 150 ಜನ, ಹತ್ತೇ ವರ್ಷದಲ್ಲಿ.

1969ರ ಜೂನ್‌ನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರ್ ಮೇಲೆ ಪೊಲೀಸರು ದಾಳಿ ಮಾಡಿದಾಗ ಸಲಿಂಗಿಗಳು ಮೊದಲ ಬಾರಿಗೆ ದೊಡ್ಡ ಮಟ್ಟದಲ್ಲಿ ತಿರುಗಿ ನಿಂತರು. ಗಲಾಟೆಯ ನಂತರ ಗಿನ್ಸ್‌ಬರ್ಗ್ ಅಲ್ಲಿಗೆ ಹೋಗಿ ಹುಡುಗರನ್ನು ನೋಡಿ ಬಂದ. ಹತ್ತು ವರ್ಷದ ಹಿಂದೆ ನಮ್ಮೆಲ್ಲರ ಮುಖದ ಮೇಲಿದ್ದ ಆ ಗಾಯಗೊಂಡ ನೋಟ ಇವರಲ್ಲಿಲ್ಲ ಎಂಬ ಅರ್ಥದ ಮಾತು ಹೇಳಿದ. ಕವಿತೆಯ ಪರಿಣಾಮವನ್ನು ಅಳೆಯಲು ನನಗೆ ಬೇರೆ ಅಂಕಿಅಂಶ ಬೇಕಿಲ್ಲ. ಒಂದು ಕವಿತೆಯೇ ಅದನ್ನು ಮಾಡಿತು ಎಂದಲ್ಲ. ಆದರೆ ಮುಖದ ಗಾಯವನ್ನು ಮೊದಲು ಸಭೆಯಲ್ಲಿ ಹೇಳಿದವರಲ್ಲಿ ಅವನೊಬ್ಬ.

ಕವಿತೆಗೆ ಕುರುಡು ಜಾಗಗಳೂ ಇವೆ. ಅದರ ನೂರಕ್ಕೂ ಹೆಚ್ಚು ಸಾಲುಗಳಲ್ಲಿ ಹೆಂಗಸರು ಅಲ್ಲಲ್ಲಿ ಹಾದುಹೋಗುತ್ತಾರೆ, ಹೆಚ್ಚಾಗಿ ಗಂಡಸರ ಕಥೆಯೊಳಗೆ. ಆ ಕಾಲದ ಕವಯಿತ್ರಿ ಡಯಾನ್ ಡಿ ಪ್ರೀಮಾ ತಮ್ಮ ಕವಿತೆಗಳಿಗೆ ಜಾಗವನ್ನು ತಾವೇ ಮಾಡಿಕೊಳ್ಳಬೇಕಾಯಿತು. ಕರಿಯರ ಬೀದಿಗಳು ಅಲ್ಲಿ ಬಿಳಿಯ ಹುಡುಗರು ಅಲೆಯುವ ಹಿನ್ನೆಲೆಯಾಗಿವೆ. ಅದೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕರಿಯ ಕವಿ ಬಾಬ್ ಕೌಫ್‌ಮನ್‌ರನ್ನು ಪೊಲೀಸರು ಮತ್ತೆ ಮತ್ತೆ ಬಂಧಿಸಿದರು, ಅವರಿಗಾಗಿ ಇಷ್ಟು ದೊಡ್ಡ ವಿಚಾರಣೆ ನಡೆಯಲಿಲ್ಲ. ಗಿನ್ಸ್‌ಬರ್ಗ್‌ನ ಕಾಲೇಜು ಗುರು ಲಯೊನೆಲ್ ಟ್ರಿಲ್ಲಿಂಗ್ ಪುಸ್ತಕ ಓದಿ, ಇಷ್ಟವಾಗಲಿಲ್ಲ, ಬೇಸರ ಬಂತು ಎಂದು ಪತ್ರ ಬರೆದರು. ಅವರ ದೂರು ಪೂರ್ತಿ ಸುಳ್ಳಲ್ಲ. ಇನ್ನು ಪತ್ರಿಕೆಗಳು ‘ಬೀಟ್‌ನಿಕ್’ ಎಂಬ ಪದ ಹುಟ್ಟಿಸಿ, ಬೀಟ್ ಎಂದು ಕರೆಸಿಕೊಂಡ ಗಿನ್ಸ್‌ಬರ್ಗ್ ಮತ್ತು ಗೆಳೆಯರ ಗುಂಪನ್ನು ಗಡ್ಡ, ಕಪ್ಪು ಬಟ್ಟೆಯ ವೇಷವಾಗಿ ಮಾರಿಕೊಂಡವು.

ಗೆದ್ದ ಹಕ್ಕೂ ಪೂರ್ತಿ ಗೆದ್ದದ್ದಲ್ಲ. 2007ರಲ್ಲಿ ತೀರ್ಪಿಗೆ ಐವತ್ತು ವರ್ಷ ತುಂಬಿದಾಗ ನ್ಯೂಯಾರ್ಕಿನ ಡಬ್ಲ್ಯುಬಿಎಐ ರೇಡಿಯೋ ಈ ಕವಿತೆಯನ್ನು ಪ್ರಸಾರ ಮಾಡಬೇಕೆಂದಿತ್ತು. ಪ್ರಸಾರ ಆಯೋಗ ಭಾರಿ ದಂಡ ಹಾಕೀತೆಂದು ಹೆದರಿ ಕೈಬಿಟ್ಟಿತು, ಇಂಟರ್‌ನೆಟ್ಟಿನಲ್ಲಿ ಮಾತ್ರ ಹಾಕಿತು. ಅಚ್ಚಿನಲ್ಲಿ ಇರಬಹುದು, ಗಾಳಿಯಲ್ಲಿ ಬೇಡ. ದನಿಗಾಗಿಯೇ ಬರೆದ ಕವಿತೆ ಅದು.

ನವೋಮಿ 1956ರ ಜೂನ್‌ನಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಪುಸ್ತಕವಾಗುವ ಮೊದಲೇ ಮಗ ಕಳಿಸಿದ್ದ ‘ಹೌಲ್’ ಅವರ ಕೈ ಸೇರಿತ್ತು. ಸಾಯುವ ಮುಂಚೆ ಅವರು ಬರೆದ ಪತ್ರ, ಸಾವಿನ ಸುದ್ದಿಯ ನಂತರ ಮಗನಿಗೆ ತಲುಪಿತು. ಮದುವೆ ಮಾಡಿಕೋ, ಮಾದಕವಸ್ತು ಮುಟ್ಟಬೇಡ, ಕೀಲಿ ಕಿಟಕಿಯ ಬಿಸಿಲಿನಲ್ಲಿದೆ ಎಂದೆಲ್ಲ ಇತ್ತು. ಮಣ್ಣು ಮಾಡುವಾಗ ಪ್ರಾರ್ಥನೆಗೆ ಬೇಕಾದ ಹತ್ತು ಜನ ಗಂಡಸರು ಸೇರದೆ ಯಹೂದಿ ಪದ್ಧತಿಯ ಕದ್ದಿಶ್ ಹೇಳಲಿಲ್ಲ. ಮಗ ಆ ಹೆಸರಿನಲ್ಲೇ ಇನ್ನೊಂದು ದೊಡ್ಡ ಕವಿತೆ ಬರೆದು 1961ರಲ್ಲಿ ಪ್ರಕಟಿಸಿದ. ಅದರಲ್ಲಿ ಸಾಲೊಮನ್ ಹೆಸರಿನ ಮರೆ ಇಲ್ಲ. ತಾಯಿಯ ಹೆಸರೇ ಇದೆ.

ಈ ಕವಿತೆಯನ್ನು ಮೊದಲ ಸಲ ಎದುರಾಗುವವರು ಕಿವಿಯಿಂದ ಶುರು ಮಾಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಸಿಕ್ಸ್ ಗ್ಯಾಲರಿಯ ರಾತ್ರಿಯನ್ನು ಯಾರೂ ರೆಕಾರ್ಡ್ ಮಾಡಲಿಲ್ಲ. ಈಗ ಸಿಗುವ ಅತಿ ಹಳೆಯ ಧ್ವನಿಮುದ್ರಣ 1956ರ ಫೆಬ್ರವರಿಯದು, ಪೋರ್ಟ್‌ಲ್ಯಾಂಡ್ ನಗರದ ರೀಡ್ ಕಾಲೇಜಿನದು. ಅರ್ಧ ಶತಮಾನ ಆ ಟೇಪು ಅಲ್ಲೇ ಬಿದ್ದಿತ್ತು. ಪುಸ್ತಕ ಇನ್ನೂ ಬಂದಿಲ್ಲ, ಕೇಸು ಆಗಿಲ್ಲ, ಕವಿಗೆ 29 ವರ್ಷ. ಮೊದಲ ಭಾಗವನ್ನು ಮೆಲ್ಲಗೆ ಶುರು ಮಾಡಿ ಏರುತ್ತಾ ಹೋಗುತ್ತಾನೆ. ಪೂರ್ತಿ ಓದುತ್ತಾನೆ. ಮೊಲೊಕ್ ಭಾಗದ ಕೆಲವು ಸಾಲು ಓದಿ ನಿಂತುಬಿಡುತ್ತಾನೆ. ಇನ್ನು ಓದಲು ಮನಸ್ಸಿಲ್ಲ, ತ್ರಾಣವಿಲ್ಲ, ಇಲ್ಲಿಗೆ ಬಿಡಲೇ ಎಂದು ಕೂತವರನ್ನು ಕೇಳುತ್ತಾನೆ.